ನಮ್ಮವರೆಗೆ ಬಾರದ ನೆರಳು

ತಂಗಿಗೆ ನೋವು ಶುರುವಾಗಿದೆ, ಅವಳ ಅತ್ತೆ ಬಾಗಿಲು ತೆಗೆಯುತ್ತಿಲ್ಲ ಎಂದು ಅವಳ ಮಾವ ಫೋನ್ ಮಾಡಿದಾಗ ನಾನು ಅಫಜಲಪುರದಲ್ಲಿ ಪತ್ರಿಕೆಗೆ ಸುದ್ದಿ ಕಳುಹಿಸುತ್ತಿದ್ದೆ. ಎರಡನೆಯ ಹೆರಿಗೆಯಾದ್ದರಿಂದ ಅವಳು ಕರಜಗಿಯಲ್ಲಿ, ಗಂಡನ ಮನೆಯಲ್ಲೇ ಇದ್ದಳು. ಮೊದಲನೆಯದು ಆಪರೇಷನ್. ಈ ಸಲ ನೋವು ಬಂದ ಕೂಡಲೇ ಆಸ್ಪತ್ರೆಗೆ ಕರೆತರಬೇಕೆಂದು ಡಾಕ್ಟರು ಹೇಳಿದ್ದರು. ಜೀಪು ಹಿಡಿದು ಹೊರಟೆ.

ಕಾರಣ ಊಹಿಸಿದ್ದೆ. ಇವತ್ತು ಸಂಜೆಗೆ ನಕ್ಷತ್ರವೊಂದು ಭೂಮಿಯ ಹತ್ತಿರ ಹಾಯುತ್ತದೆ, ಗರ್ಭಿಣಿಯರು ಹೊರಬರಬಾರದು ಎಂದು ಟಿವಿಯಲ್ಲಿ ಜ್ಯೋತಿಷಿಯೊಬ್ಬ ಬೆಳಿಗ್ಗೆಯಿಂದ ಹೇಳುತ್ತಿದ್ದ. ಹಾಯಲಿದ್ದುದು ಕ್ಷುದ್ರಗ್ರಹ. ಅತ್ತೆ ಅದನ್ನು ಗ್ರಹಣವೆಂದೇ ಹಿಡಿದಿದ್ದರು. ಅಂಗಳದ ಕೊಡಗಳ ಮೇಲೆ ಗರಿಕೆ ಇತ್ತು, ಬಾಗಿಲಿಗೆ ಒಳಗಿನಿಂದ ಚಿಲಕ.

"ಲಿಂಗ ಇದ್ದೋರಿಗೆ ಯಾವ ಗ್ರಹಣ? ಕೊರಳಾಗ ಲಿಂಗ ಕಟ್ಕೊಂಡು ಗ್ರಹಣ ಹಿಡದೀಯಲ್ಲ, ನಾಚ್ಕಿ ಬರಲ್ಲೇನು?" ಮಾವ ಬಾಗಿಲು ಬಡಿದರು.

"ಲಿಂಗ ನನ್ನ ಕೊರಳಾಗದ. ಹೊಟ್ಟ್ಯಾಗಿನ ಕೂಸಿಗೆ ಯಾರು ಕಟ್ಯಾರ?" ಒಳಗಿನಿಂದ ಅತ್ತೆ.

ಬಾಗಿಲು ಒಡೆಯಬಹುದಿತ್ತು. ಆಮೇಲೆ ಕೂಸಿಗೆ ಏನಾದರೂ ಆದರೆ, ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೇ ಆಯಿತು ಎಂಬ ಮಾತನ್ನು ತಂಗಿ ಜೀವಮಾನವಿಡೀ ಕೇಳಬೇಕಾಗುತ್ತಿತ್ತು.

"ಅವ್ವಾರ, ಅದು ನಕ್ಷತ್ರ ಅಲ್ರಿ," ಎಂದೆ. "ನಕ್ಷತ್ರ ಅಂದ್ರ ಸೂರ್ಯ ಇದ್ದಂಗ, ತಾನೇ ಉರಿತದ. ಹತ್ರ ಬಂದ್ರ ನಾವ್ಯಾರೂ ಉಳಿಯಂಗಿಲ್ಲ. ಇದು ಬರೇ ಕಲ್ಲು. ಭೂಮಿಯಂಗ ಸೂರ್ಯನ ಸುತ್ತ ತಿರಗ್ತದ, ಆದ್ರ ಗ್ರಹದಷ್ಟು ದೊಡ್ಡದಲ್ಲ."

"ಬಾಲ ಅದೇನು?"

"ಬಾಲ ಧೂಮಕೇತುಗ್ರಿ. ಅದರಾಗ ಬರ್ಫ್ ಇರ್ತದ, ಬಿಸಲಿಗೆ ಹೊಗಿಯಾಗಿ ಹಾರ್ತದ. ಇದು ಒಣಾ ಕಲ್ಲು."

"ಹಾದು ಹೋಗೇದೇನು?"

ಹೌದೆಂದರೆ ಚಿಲಕ ಸರಿಯುತ್ತಿತ್ತು. ಆದರೆ ಒಳಗೆ ಟಿವಿ ಇನ್ನೂ ಮಾತಾಡುತ್ತಿತ್ತು. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಮಾತೂ ಕೆಡುತ್ತಿತ್ತು.

"ಇಲ್ರಿ. ಇನ್ನೂ ಬರಾಕತ್ತದ."

ಒಳಗೆ ತಂಗಿ ಚೀರಿದಳು. "ಅಣ್ಣಾ, ಲಗೂ ಮಾಡೋ!"

ಮಾವ ಹಣೆ ಚಚ್ಚಿಕೊಂಡರು. "ಪೇಪರಿನವ ಆಗಿ ಒಂದು ಸುಳ್ಳು ಹೇಳಾಕ ಬರಲ್ಲೇನೋ ತಮ್ಮಾ ನಿನಗ!"

"ನೆರಳು?" ಅತ್ತೆಯ ದನಿ ಬಾಗಿಲಿಗೆ ಹತ್ತಿರವಾಗಿತ್ತು. "ಗ್ರಹಣದಾಗ ಕೇಡು ಮಾಡೋದು ನೆರಳು. ಇದರ ನೆರಳು ಬೀಳ್ತದೇನು?"

"ಇಲ್ಲೀತನಾ ಮುಟ್ಟಂಗಿಲ್ರಿ. ಗ್ರಹಣ ಹಿಡ್ಯಾಕ ಚಂದ್ರನಷ್ಟು ದೊಡ್ಡದು ಬೇಕು. ಇದು ಒಂದು ಊರಷ್ಟೂ ಇಲ್ಲ, ಚಂದ್ರನಕಿಂತ ಆಚೀಗೆ ಹೊಂಟದ."

ಒಳಗೆ ಟಿವಿಯ ದನಿ ನಿಂತಿತು. ಚಿಲಕ ಸರಿಯಿತು.

ದಾರಿಯುದ್ದಕ್ಕೂ ಅತ್ತೆ ತಮ್ಮ ಸೆರಗನ್ನು ತಂಗಿಯ ಹೊಟ್ಟೆಯ ಮೇಲೆ ಹಾಸಿ ಹಿಡಿದಿದ್ದರು. ಕಣ್ಣು ಮಾತ್ರ ಕಿಟಕಿಯಾಚೆ, ಆಕಾಶದ ಮೇಲಿತ್ತು. ತಂಗಿಯ ಉಗುರು ನನ್ನ ಮಣಿಕಟ್ಟಿನಲ್ಲಿ ನೆಟ್ಟಿತ್ತು.

ಆಪರೇಷನ್ ಮುಗಿಸಿ ನರ್ಸ್ ಹೆಣ್ಣುಕೂಸನ್ನು ಹೊರತಂದಾಗ ಕಲ್ಲು ಇನ್ನೂ ಹಾಯುತ್ತಲೇ ಇತ್ತು. ತಾಯಿಯೂ ಚೆನ್ನಾಗಿದ್ದಾಳೆ ಎಂದಳು ನರ್ಸ್. ಅತ್ತೆ ಸೆರಗಿನ ಗಂಟು ಬಿಚ್ಚಿ, ಹೊಸ ಲಿಂಗವೊಂದನ್ನು ತೆಗೆದು ಕೂಸಿನ ಎದೆಗೆ ಮುಟ್ಟಿಸಿದರು.

"ಸ್ವಾಮಿಗಳು ಬಂದು ಕಟ್ಟೋದು ಆಮ್ಯಾಲ ಕಟ್ಲಿ," ಎಂದು ಕಿಟಕಿಯ ಕಡೆ ತಿರುಗಿದರು. "ಈಗ ಬರ್ಲಿ ಅದು, ಎಷ್ಟು ಹತ್ರ ಬರ್ತದ ನೋಡ್ತೇನಿ."