ಗೌರಮ್ಮನ ಹಿಮ್ಮುಖ ಪ್ರದಕ್ಷಿಣೆ

ಸಿಂಗಾಪುರದ (ಫಾರಿನ್ ಅಲ್ಲ, ನಮ್ಮ ಕೊಡಿಗೇಹಳ್ಳಿ ಕಡೆಯದು) ಗೌರಮ್ಮನಿಗೆ ಎರಡೂ ಕಣ್ಣಿನಲ್ಲಿ ಪೊರೆ. ಧಾರಾವಾಹಿಯಲ್ಲಿ ಅತ್ತೆ ಯಾರು, ಸೊಸೆ ಯಾರು ಎಂದು ತಿಳಿಯದೆ, ತಪ್ಪಾದವಳಿಗೆ ಶಾಪ ಹಾಕಿ ಆಮೇಲೆ ಪೇಚಾಡುತ್ತಿದ್ದರು. ಶುಗರ್ ಇಳಿಯದೆ ಆಪರೇಷನ್ ಇಲ್ಲ ಎಂದಿದ್ದರು ಡಾಕ್ಟರು. ವಾಕಿಂಗ್ ಮಾಡಿ ಎಂದರೆ, "ಕೆಲಸ ಇಲ್ದೋರಂಗೆ ರೋಡಲ್ಲಿ ತಿರುಗೋಳಲ್ಲ ನಾನು" ಅನ್ನುವ ಹೆಂಗಸು.

ನಮ್ಮ ಗಣೇಶನ ಗುಡಿಯ ಭಜನಾ ಮಂಡಳಿಯಲ್ಲಿ ಭಾನುವಾರ ಶುಗರ್, ಬಿ.ಪಿ. ನೋಡಿಸುವ ಏರ್ಪಾಡು ನನ್ನದು. ನನಗೆ ಹಾಡಲು ಬರುವುದಿಲ್ಲ, ಬೈಯಲು ಚೆನ್ನಾಗಿ ಬರುತ್ತದೆ. "ರೋಡ್ ಬೇಡ ಬಿಡಿ, ದೇವರ ಸುತ್ತ ನಡೀರಿ" ಎಂದೆ. ಶುರುವಾಯಿತು ನೋಡಿ! ಅರ್ಚಕರು ಬೀಗ ಹಿಡಿದು ನಿಂತರೂ ಪ್ರದಕ್ಷಿಣೆ ಮುಗಿಯುತ್ತಿರಲಿಲ್ಲ.

ಶುಗರ್ ಇಳಿಯತೊಡಗಿತು, ಬಲಮಂಡಿ ಊದಿಕೊಂಡಿತು. ಮಂಡಳಿಗೆ ಬರುವ ಡಾಕ್ಟರ್ ದಿವ್ಯ, "ಯಾವಾಗ್ಲೂ ಬಲಕ್ಕೇ ತಿರುಗಿದ್ರೆ ಆ ಕಾಲಿಗೇ ಭಾರ ಅಲ್ವಾಮ್ಮ? ಸ್ವಲ್ಪ ದಿನ ಉಲ್ಟಾ ಸುತ್ತಿ" ಅಂದಳು.

"ಅಪ್ರದಕ್ಷಿಣೆನಾ? ಅದು ಸತ್ತೋರ ಎಣಕ್ಕೆ ಸುತ್ತಾಕೋದು ಕಣವ್ವಾ!"

ನಡಿಗೆ ನಿಂತರೆ ಶುಗರ್ ಏರುತ್ತದೆ, ಆಪರೇಷನ್ ಮತ್ತೆ ಮುಂದಕ್ಕೆ. ಮುಖ ಊದಿಸಿಕೊಂಡು ಮನೆಯಲ್ಲಿ ಕೂತಿದ್ದ ಗೌರಮ್ಮ, ಒಂದು ಬೆಳಗ್ಗೆ ಗುಡಿಗೆ ಬಂದು ಹಿಂದುಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ದಾರಿ ಅದೇ ಪ್ರದಕ್ಷಿಣೆಯದು, ಮುಖ ಮಾತ್ರ ಉಲ್ಟಾ. ಒಳಗಿನ ಕಾಲು ಈಗ ಎಡಗಾಲು!

"ಬೀಳ್ತೀರಿ ಕಣ್ರೀ!" ಎಂದು ಕೂಗಿದೆ.

"ಮುಂದುಕ್ ನಡುದ್ರೂ ಕಾಣಲ್ಲ, ಇಂದುಕ್ ನಡುದ್ರೂ ಕಾಣಲ್ಲ. ಎಂಗ್ ನಡುದ್ರೇನು?"

ಶಾಸ್ತ್ರದಲ್ಲಿ ಹೀಗೆ ಮಾಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ ಎಂದು ಅರ್ಚಕರು ಜಾರಿಕೊಂಡರು.

ಶುಗರ್ ಇಳಿಯಿತು, ಆಪರೇಷನ್ ಆಯಿತು. ಗೌರಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುವಷ್ಟರಲ್ಲಿ, ಹಿಂದಕ್ಕೆ ಸುತ್ತಿದ್ದಕ್ಕೇ ಕಣ್ಣು ಬಂತಂತೆ ಎಂದು ಸುದ್ದಿ ಹಬ್ಬಿತು. ಕೊಡಿಗೇಹಳ್ಳಿ, ಚಿಕ್ಕಬಾಣಾವರದಿಂದೆಲ್ಲ ಜನ ಬಂದು ಹಿಂದಕ್ಕೆ ಸುತ್ತತೊಡಗಿದರು. ಒಬ್ಬ ಬಿಲ್ಡರ್ ಅಂತೂ ಫ್ಲಾಟ್ ಮಾರಾಟವಾಗಲಿ ಎಂದು ಸುತ್ತಿದ. ಮಂಡಿಯ ಸಮಾಚಾರ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಕೇಳುವವರು ಯಾರು!

ಕಣ್ಣೂ ಮಂಡಿಯೂ ಸರಿಹೋಗಿ ಗೌರಮ್ಮ ಗುಡಿಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ರಾಧಾಮಣಿ, ಇವ್ರಿಗೇನ್ ಬಂದೈತೆ? ಯಾರ್ ಕಲಿಸಿದ್ರು ಈ ಉಚ್ಚಾಟ?"

"ನೀವೇ ಕಣ್ರೀ."

ನನ್ನನ್ನು ದುರುಗುಟ್ಟಿ ನೋಡಿ, ನೆಟ್ಟಗೆ ಮುಂದಕ್ಕೆ ನಡೆದರು. ಅವರ ಮುಂದೆ ಹಿಮ್ಮುಖವಾಗಿ ಸಾಗುತ್ತಿದ್ದ ಹೆಂಗಸೊಬ್ಬಳು ಕಂಗಾಲಾದಳು.

"ಅಯ್ಯೋ, ಹಂಗೆ ನಡೀಬಾರ್ದು ಅಜ್ಜಿ! ನೀವು ಹೊಸಬ್ರಾ? ಹಿಂಗೆಲ್ಲ ನಡೆದಿದ್ರೆ ಆ ಗೌರಮ್ಮನಿಗೆ ಕಣ್ಣು ಬರ್ತಿತ್ತಾ?"

"ಆ ಗೌರಮ್ಮಂಗೆ ಮಂಡಿ ನೋಯ್ತಿತ್ತು ಕಣೇ!" ಎಂದು ಗೌರಮ್ಮ ಗುಡಿ ಅದುರುವಂತೆ ಕಿರುಚಿದರು.

ಒಬ್ಬರೂ ಹಿಂದಕ್ಕೆ ಸುತ್ತುವುದನ್ನು ನಿಲ್ಲಿಸಲಿಲ್ಲ.