ಮೂಳೆ ವಾರ್ಡಿನ ಸುತ್ತಿಗೆ ಮೇಡಂ

ಸುತ್ತಿಗೆ ಮೇಡಂ ಅಹಂಕಾರಿ. ಇದನ್ನು ನಯವಾಗಿ ಹೇಳಿ ಪ್ರಯೋಜನವಿಲ್ಲ. ಕೈಕಾಲು ಮುರಿದುಕೊಂಡು ಬಂದವರನ್ನು ಮತ್ತೆ ನಡೆಸುವುದು ಆಕೆಯ ಕೆಲಸ. ಆ ಕೆಲಸ ತನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ ಎಂದು ಆಕೆ ನಂಬಿದ್ದಳು. ಆ ನಂಬಿಕೆಯನ್ನು ತನ್ನೊಳಗೇ ಇಟ್ಟುಕೊಳ್ಳುವ ಸೌಜನ್ಯವೂ ಆಕೆಗಿರಲಿಲ್ಲ. ಊಟದ ಡಬ್ಬಿಯ ಚೀಲ ಹಿಡಿದುಕೊಳ್ಳಲು ಯಾರಾದರೂ ಕೈ ಚಾಚಿದರೆ, "ಯಾಕೆ, ನನ್ ಕೈಗೂ ಪ್ಲಾಸ್ಟರ್ ಹಾಕಿದಾರಾ?" ಎನ್ನುವಳು. ಹೊಸ ಡಾಕ್ಟರು ಕುರ್ಚಿ ಎಳೆದುಕೊಟ್ಟರೆ ನಿಂತುಕೊಂಡೇ ಮಾತು ಮುಗಿಸುವಳು. ರೋಗಿಗಳು ಬೆನ್ನ ಹಿಂದೆ ಇಟ್ಟ ಹೆಸರು ಆಕೆಗೆ ಗೊತ್ತಿತ್ತು. ಅದರ ಬಗ್ಗೆ ಬೇಸರವಿರಲಿಲ್ಲ, ಹೆಮ್ಮೆಯಿತ್ತು.

ಪೇಂಟರನಿಗೆ ಆಕೆಯ ಪರಿಚಯವಾದದ್ದು ವಾರ್ಡಿಗೆ ಬಂದ ಮೊದಲ ಬೆಳಿಗ್ಗೆ. ಏಣಿಯಿಂದ ಬಿದ್ದು ಅವನ ತೊಡೆಯ ಮೂಳೆ ಎರಡು ತುಂಡಾಗಿತ್ತು. ಒಳಗೆ ಕಂಬಿ ಹಾಕಿ ಕೂಡಿಸಿದ್ದರು. ತಿಂಗಳುಗಳು ಕಳೆದು ಮೂಳೆ ಕೂಡಿಕೊಂಡಿತು. ಸರ್ಜನ್ನರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಗಟ್ಟಿಯಾಗಿದೆ, ಇನ್ನು ನಡಿ" ಎಂದರು. ಪೇಂಟರ್ ನಡೆಯಲಿಲ್ಲ. ಕಾಲನ್ನು ನೆಲಕ್ಕೆ ತಾಕಿಸುವನು, ಭಾರ ಬಿಡುವ ಹೊತ್ತಿಗೆ ಮೈಯೆಲ್ಲ ಬೆವರಿ ಮಂಚಕ್ಕೆ ಕುಸಿಯುವನು. ಅವನ ಮನೆ ಮೂರನೆಯ ಮಹಡಿಯಲ್ಲಿ. ಆಪರೇಷನ್ ಆದಮೇಲೆ ಅಕ್ಕಪಕ್ಕದವರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತಿದ್ದರು; ನಡೆಯುವುದನ್ನು ಕಲಿಸಲು ಈ ವಾರ್ಡಿಗೆ ಸೇರಿಸುವಾಗ ಅದೇ ಕುರ್ಚಿಯಲ್ಲಿ ಕೆಳಕ್ಕೆ ಹೊತ್ತು ತಂದಿದ್ದರು.

ಹೆಂಡತಿಯ ಅಣ್ಣ ಒಳ್ಳೆಯ ಮನುಷ್ಯ. ನೆಲಮಟ್ಟದ ಒಂದು ಮನೆ ನೋಡಿಟ್ಟಿದ್ದ. ಅದರ ಪಕ್ಕದಲ್ಲೇ ಬಣ್ಣದ ಅಂಗಡಿ, ಅಂಗಡಿಯಲ್ಲಿ ಕೂತು ಡಬ್ಬ ಮಾರುವ ಕೆಲಸ. "ಭಾವ, ಹತ್ತೋದೂ ಬೇಡ, ಇಳಿಯೋದೂ ಬೇಡ. ರಾಜನ ಹಾಗೆ ಕೂತಿರಿ" ಎಂದಿದ್ದ. ಅಡುಗೆಯವನಿಗೆ ಪಾತ್ರೆ ಅಂಗಡಿ ಹಾಕಿಕೊಟ್ಟಂತೆ ಅನ್ನಿಸಿತು ಪೇಂಟರನಿಗೆ. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮೆಟ್ಟಿಲು ಇಳಿಯಲಾರದವನು ಏಣಿ ಹತ್ತುತ್ತೇನೆಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ವಾರ್ಡಿನಿಂದ ಬಿಡುವ ದಿನ ಉತ್ತರ ಕೊಡುವುದೆಂದಾಯಿತು.

ಮೊದಲ ಬೆಳಿಗ್ಗೆ ಸುತ್ತಿಗೆ ಮೇಡಂ ಬಂದಾಗ ಹೆಂಡತಿ ಅವನ ಮಂಚದ ಸುತ್ತ ಸಂಸಾರ ಹೂಡಿದ್ದಳು. ನೀರು, ಟವೆಲು, ಬಾಚಣಿಗೆ, ಮೊಬೈಲು, ಕನ್ನಡಕ ಎಲ್ಲವೂ ಕೈಗೆಟುಕುವ ಹಾಗೆ. ಮೇಡಂ ಒಂದೊಂದನ್ನೇ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ಅಯ್ಯೋ ಮೇಡಂ, ಅವರು ಏಳೋಕಾಗಲ್ಲ!"

"ಬಾಯಾರಿದಾಗ ನೋಡೋಣ, ಆಗುತ್ತೋ ಇಲ್ವೋ."

"ನಿಮಗೆ ಕನಿಕರ ಅನ್ನೋದೇ ಇಲ್ವಾ?"

"ನನ್ನ ಹತ್ರ ಯಾಕಮ್ಮ? ನೀನು ತಂದಿರೋದೇ ಇಡೀ ವಾರ್ಡಿಗಾಗುತ್ತೆ. ಮನೆಗೆ ಹೋಗಿ ಒಂದು ನಿದ್ದೆ ಮಾಡು. ಮುಖ ನೋಡ್ಕೋ, ನೀನೇ ರೋಗಿ ಥರ ಇದೀಯ."

ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಹೋದಳು. ಪಕ್ಕದ ಮಂಚದಲ್ಲಿ ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಮುದುಕನಿದ್ದ, ಕೆಲಸದಿಂದ ನಿವೃತ್ತನಾದ ಪೋಸ್ಟ್‌ಮ್ಯಾನ್. ಅವನು ಪೇಂಟರನಿಗೆ ಕಣ್ಣು ಹೊಡೆದು, "ನನ್ನ ಹಲ್ಲು ಸೆಟ್ಟನ್ನೂ ಅಲ್ಲೇ ಇಟ್ಟಿದ್ದಳಪ್ಪ. ಎರಡು ದಿನ ಬೋಡುಬಾಯಲ್ಲಿ ಬೈದೆ, ಅರ್ಥವೇ ಆಗಲಿಲ್ಲ ಅವಳಿಗೆ" ಎಂದ.

ಮಧ್ಯಾಹ್ನದ ಹೊತ್ತಿಗೆ ಪೇಂಟರ್ ವಾಕರ್ ಹಿಡಿದು, ಒಂದೇ ಕಾಲಿನ ಮೇಲೆ ಕುಪ್ಪಳಿಸುತ್ತ ಕಿಟಕಿಯವರೆಗೆ ಹೋಗಿ ನೀರು ಕುಡಿದ. ಮೇಡಂ ಹೊಗಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, "ಹೇಗೆ ಬಿದ್ದೆ?" ಎಂದಳು.

"ಏಣಿ ಜಾರಿತು."

ಮರುದಿನವೂ ಅದೇ ಪ್ರಶ್ನೆ, ಅದರ ಮರುದಿನವೂ. ಆಕೆಯ ಕ್ರಮವೇ ಅದು. ಬಿದ್ದ ಕಥೆಯನ್ನು ಹೇಳಿ ಹೇಳಿ ಹೇಳುವವನಿಗೇ ಬೇಸರ ಬರಬೇಕು. ಅಲ್ಲಿಯವರೆಗೆ ಕಾಲು ನೆಲವನ್ನು ನಂಬುವುದಿಲ್ಲ ಎನ್ನುವುದು ಆಕೆಯ ವಾದ. ಪೇಂಟರ್ ಹೇಳುತ್ತಲೇ ಹೋದ. ಒಂದು ದಿನ ಗೋಡೆಯ ಬಣ್ಣ ಸೇರಿಕೊಂಡಿತು, ಇನ್ನೊಂದು ದಿನ ಬಿಸಿಲು, ಕೊನೆಗೊಂದು ದಿನ ಏಣಿ ಜಾರಿದ್ದು ಕಥೆಯಿಂದ ಹೊರಗೆ ಹೋಯಿತು.

"ಮೂಲೆಯಲ್ಲಿ ಒಂದು ಗೇಣು ಗೋಡೆ ಉಳಿದಿತ್ತು ಮೇಡಂ. ಇಳಿದು, ಏಣಿ ಸರಿಸಿ, ಮತ್ತೆ ಹತ್ತಬೇಕಿತ್ತು. ಯಾರು ಇಳೀತಾರೆ ಅಂತ ಅಲ್ಲಿಂದಲೇ ಬಗ್ಗಿ ಕೈ ಚಾಚಿದೆ. ನಮ್ಮೋರೆಲ್ಲ ಹಾಗೇ ಮಾಡೋದು."

"ಅಂದ್ರೆ ಏಣಿ ಜಾರಲಿಲ್ಲ."

"ಇಲ್ಲ."

"ಕಾಲೂ ಸೋಲಲಿಲ್ಲ."

ಪೇಂಟರ್ ಇದನ್ನು ಯೋಚಿಸಿರಲಿಲ್ಲ. ತಲೆ ಅಲ್ಲಾಡಿಸಿದ.

"ಸೋಮಾರಿತನ ಮಾಡಿದ್ದು ನೀನು. ಶಿಕ್ಷೆ ಯಾಕಯ್ಯ ಕಾಲಿಗೆ? ಪಾಪದ್ದು, ಕಂಬಿ ನುಂಗಿಕೊಂಡು ಮಾತಾಡದೆ ಕೂಡ್ಕೊಂಡಿದೆ. ಅದರ ಮೇಲೇನು ಸಿಟ್ಟು ನಿಂಗೆ?"

"ನಂಗೆ ಪಾಪ ಅನ್ನಲಿಲ್ಲ, ಕಾಲಿಗೆ ಅಂದಳಲ್ಲ" ಎಂದು ಗೊಣಗಿದ ಪೇಂಟರ್, ಮುದುಕನ ಕಡೆ ತಿರುಗಿ. ಮುದುಕ ನಕ್ಕೂ ನಕ್ಕೂ ಕೆಮ್ಮಿದ. ಅಂದು ಸಂಜೆ, ಹಿಡಿದು ನಡೆಯುವುದನ್ನು ಕಲಿಯಲು ವಾರ್ಡಿನಲ್ಲಿ ಹಾಕಿದ್ದ ಎರಡು ಕಂಬಿಗಳ ನಡುವೆ ನಿಂತಾಗ ಪೇಂಟರ್ ಆ ಕಾಲಿನ ಮೇಲೆ ಅರ್ಧ ಭಾರ ಬಿಟ್ಟ. ಕಾಲು ತಡೆದುಕೊಂಡಿತು.

ಅಲ್ಲಿಂದ ಮುಂದೆ ನಡಿಗೆ ಬಂತು, ಮೊದಲು ವಾಕರಿನಲ್ಲಿ, ಆಮೇಲೆ ಕೋಲಿನಲ್ಲಿ. ಮೇಡಂ ಅವನಿಗೆ ಮುದುಕನನ್ನು ವಹಿಸಿದಳು: ಅಜ್ಜ ಕಾಲೆಳೆದರೆ ಕೂಗಿ ಹೇಳಬೇಕು. ಇಬ್ಬರೂ ಹಜಾರದುದ್ದಕ್ಕೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಓಡಾಡಿದರು. ಮೆಟ್ಟಿಲು ಮಾತ್ರ ಆಗಲಿಲ್ಲ. ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿದರೆ ಸಾಕು, ಪೇಂಟರನ ಕಣ್ಣ ಮುಂದೆ ಆ ಮೂಲೆಯ ಗೋಡೆ ಬಂದು ನಿಲ್ಲುತ್ತಿತ್ತು.

ಬಿಡುವ ದಿನ ಬಂತು. ಹೆಂಡತಿ ಕೆಳಗಿನ ಹಜಾರದಲ್ಲಿ ಬ್ಯಾಗು ಹಿಡಿದು ಕಾಯುತ್ತಿದ್ದಳು. ಲಿಫ್ಟು ಕೆಟ್ಟಿತ್ತು, ಸಂಜೆಗೆ ಸರಿಯಾಗುತ್ತದೆ ಎಂದರು. ಸಂಜೆಯವರೆಗೆ ಕೂತಿರೋಣ ಎಂದುಕೊಂಡು ಪೇಂಟರ್ ಮೆಟ್ಟಿಲ ಬಳಿಯ ಬೆಂಚಿನಲ್ಲಿ ಕೂತ. ಆಗ ಕೆಳಗಿನಿಂದ ನರ್ಸ್ ಕೂಗಿದಳು:

"ಮೇಡಂ, ಬೇಗ ಬನ್ನಿ! ಹೊಸ ಪೇಷಂಟ್ ಬಂದಿದಾರೆ, ಮುಟ್ಟೋಕೇ ಬಿಡ್ತಿಲ್ಲ, ಒಂದೇ ಸಮ ಅಳ್ತಾ ಇದಾರೆ."

ಸುತ್ತಿಗೆ ಮೇಡಂ ಬಂದಳು. ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಕಾಲು ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಚಾಚಿದಳು. ಮೇಲ್ದುಟಿಯ ಮೇಲೆ ಬೆವರು ಮೂಡಿತು. ಪೇಂಟರ್ ನೋಡುತ್ತಿದ್ದ. ಇದು ತನಗಾಗಿ ಹೂಡಿದ ಆಟ ಎಂದೇ ಅವನಿಗೆ ಮೊದಲು ಅನ್ನಿಸಿದ್ದು.

"ಏನ್ ನೋಡ್ತೀಯ?" ಎಂದಳು ಆಕೆ, ತಿರುಗದೆ. ಮತ್ತೊಮ್ಮೆ ಕಾಲು ಚಾಚಿ ನೋಡಿ, "ಮಂಡಿ ಹಿಡ್ಕೊಂಡಿದೆ. ಭುಜ ಕೊಡು."

ಅವನು ಎದ್ದ. ಕೋಲನ್ನು ಬೆಂಚಿಗೆ ಒರಗಿಸಿ, ಆಕೆಗಿಂತ ಒಂದು ಮೆಟ್ಟಿಲು ಕೆಳಗೆ ಹೋಗಿ, ಕಂಬಿ ಹಿಡಿದು ನಿಂತ. ಭುಜದ ಮೇಲೆ ಕೈ ಬಿತ್ತು. ಆಟವಾಗಿದ್ದರೆ ಕೈ ಹಗುರವಾಗಿರುತ್ತಿತ್ತು. ಇದು ಭಾರ ಪೂರ್ತಿ ಬಿಟ್ಟಿತ್ತು. ತುಂಬಿದ ಬಣ್ಣದ ಡಬ್ಬ ಹೊತ್ತು ಪಳಗಿದ ಭುಜ ಅವನದು. ತೂಕ ಅದಕ್ಕೆ ಸುಳ್ಳು ಹೇಳುವಂತಿರಲಿಲ್ಲ.

"ನೋವಿರೋ ಕಾಲು ಮೊದಲು ಮೇಡಂ" ಎಂದ.

"ನಂಗೇ ಪಾಠನಾ?"

"ನೀವು ತಪ್ಪು ಕಾಲು ಹಾಕ್ತಿದೀರಿ."

ಆಕೆ ಕಾಲು ಬದಲಿಸಿದಳು. ಇಬ್ಬರೂ ಇಳಿದರು. ಆಕೆ ಬಿದ್ದರೆ ಏನು ಗತಿ ಎಂಬ ಚಿಂತೆಯಲ್ಲಿ, ತಾನು ಬೀಳಬಹುದು ಎನ್ನುವುದು ಪೇಂಟರನಿಗೆ ನೆನಪಾದದ್ದು ಕೊನೆಯ ಮೆಟ್ಟಿಲು ಮುಗಿದ ಮೇಲೆಯೇ.

ಹೆಂಡತಿ ಬ್ಯಾಗು ಬಿಟ್ಟು ಎದ್ದು ನಿಂತಿದ್ದಳು. "ರೀ! ನಿಮ್ಮ ಕೋಲೆಲ್ಲಿ?"

"ಮೇಲಿದೆ, ನಾನೇ ಹೋಗಿ ತರ್ತೀನಿ. ನಿಮ್ಮಣ್ಣನಿಗೆ ಫೋನ್ ಮಾಡು. ಆ ಮನೆ ಬೇಡ ಅನ್ನು."

ಹೆಂಡತಿ ಬ್ಯಾಗಿನಲ್ಲಿ ಫೋನು ಹುಡುಕತೊಡಗಿದಳು.

ಹೊಸ ರೋಗಿಯ ಕೋಣೆ ಹಜಾರದ ಆ ತುದಿಯಲ್ಲಿತ್ತು. ನಡುವೆ ಬೆಂಚುಗಳ ತುಂಬ ಜನ. ನರ್ಸುಗಳು, ಕಾವಲುಗಾರ, ಹೊಸ ಡಾಕ್ಟರು, ಎಲ್ಲರೂ ಈ ಕಡೆಯೇ ನೋಡುತ್ತಿದ್ದರು. ನೆಲ ಈಗ ಸಮತಟ್ಟಾಗಿತ್ತು. ಇನ್ನು ಕೈ ತೆಗೆಯುತ್ತಾಳೆ ಎಂದುಕೊಂಡು ಪೇಂಟರ್ ಭುಜ ಸಡಿಲಿಸಿದ.

ಸುತ್ತಿಗೆ ಮೇಡಂ ಕೈ ತೆಗೆಯಲಿಲ್ಲ. "ನಡಿ" ಎಂದು, ಅಷ್ಟೂ ಜನರ ನಡುವೆ ಅವನ ಭುಜ ಹಿಡಿದುಕೊಂಡೇ ಆ ತುದಿಯವರೆಗೆ ನಡೆದಳು.