ಜೊಂಡಿನ ನಡುವೆ ಹರಿಗೋಲಿನ ದಾರಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಿಡಘಟ್ಟದ ಆಚೆ, ಜೊಂಡುಹೊಳೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಚಿಕ್ಕಬೋರಮ್ಮ ಕುಡುಗೋಲು ಬೀಸುತ್ತಿದ್ದಾರೆ. ಕೊಯ್ದ ಜೊಂಡನ್ನು ದಡಕ್ಕೆ ಎಸೆಯುತ್ತಾರೆ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ, ಮತ್ತೆ ಬಗ್ಗುತ್ತಾರೆ. ದಡದ ಮೇಲೆ ಕ್ಯಾಮೆರಾ ಹಿಡಿದು ಬಂದವರು ಎಂಥ ಪ್ರಶಾಂತ ಜಾಗ ಎನ್ನುತ್ತಿದ್ದಾರೆ. ಈ ಪ್ರಶಾಂತತೆಗೆ ಒಬ್ಬ ಹೆಂಗಸಿನ ಸೊಂಟ ಬಿದ್ದುಹೋಗಿದೆ ಎಂಬುದು ಯಾರ ಫೋಟೊದಲ್ಲೂ ಕಾಣುವುದಿಲ್ಲ ಬಿಡಿ.

ಇದು ಒಂದು ಕಾಲಕ್ಕೆ ಕಂಡಕಂಡ ಕಡೆ ಹರಡಿಕೊಂಡಿದ್ದ ಜೌಗಿನ ಹೊಳೆ. ಹಿರಿಯರು ಅಗೆದು, ಎರಡೂ ಬದಿ ಕಲ್ಲು ಕಟ್ಟಿ, ಕಾಲುವೆಯ ಹಾಗೆ ನೆಟ್ಟಗೆ ಹರಿಸಿದರು. ಆಲೆಮನೆಗಳ ಬೆಲ್ಲ ಮದ್ದೂರಿನ ಸಂತೆ ಕಡೆಗೆ ಹೋಗುತ್ತಿದ್ದುದು ಇದರ ಮೇಲೆಯೇ, ಹರಿಗೋಲಿನಲ್ಲಿ. ಚಿಕ್ಕಬೋರಮ್ಮನ ಗಂಡ ಮರಿಸಿದ್ದಯ್ಯ ಹುಟ್ಟು ಹಾಕುತ್ತಿದ್ದರು; ಈಕೆ ಬೆಲ್ಲದಚ್ಚುಗಳ ಕೆಳಗೆ ಒಣಗಿದ ಕಬ್ಬಿನ ಸೋಗೆ ಹಾಸಿ, ಪಕ್ಕದಲ್ಲೇ ಕೂರುತ್ತಿದ್ದರು.

"ಬೆಲ್ಲದ ವಾಸ್ನೆ ನೀರ್ಗೂ ಅಂಟ್ಕತಿತ್ತು ಕಣಪ್ಪ. ಆ ವಾಸ್ನೆ ಈಗ್ಲೂ ಬೇಕು ಅನ್ಸ್ತದೆ," ಎನ್ನುತ್ತಾರೆ.

ರಸ್ತೆ ಬಂತು, ಲಾರಿ ಬಂತು, ಹರಿಗೋಲುಗಳು ದಡ ಸೇರಿದವು. ದಡದ ಜೊಂಡು ನಡುನೀರಿಗೂ ಹಬ್ಬಿತು, ಹಕ್ಕಿಗಳು ಬಂದವು, ಹಕ್ಕಿ ನೋಡುವವರೂ ಬಂದರು. ದಡದ ಬಳಿ ಜೊಂಡು ಕೊಯ್ಯಲು ಪಂಚಾಯ್ತಿ ಕೂಲಿ ಕೊಡುತ್ತದೆ. ಆದರೆ ನಡುನೀರಿನಲ್ಲಿ ಒಂದು ಹರಿಗೋಲು ಹಿಡಿಸುವಷ್ಟು ದಾರಿಯನ್ನು ಈಕೆ ಯಾರೂ ಹೇಳದೆ ಬಿಟ್ಟಿಯಾಗಿ ತೆರವಾಗಿಡುತ್ತಾರೆ. ಮರಿಸಿದ್ದಯ್ಯನ ಕಾಲು ಸ್ವಾಧೀನ ತಪ್ಪಿ ವರ್ಷಗಳಾದವು. ದಿನಾ ಸಂಜೆ ಅವರದು ಒಂದೇ ಪ್ರಶ್ನೆ, ದಾರಿ ಇದೆಯಾ ಎಂದು. ಎಂದಾದರೂ ಗಂಡನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆ ದಾರಿಯಲ್ಲಿ ಒಮ್ಮೆ ಹೋಗಿಬರಬೇಕು ಎಂಬುದು ಈಕೆಯ ಆಸೆ.

ಈ ಸಲ ಆ ದಾರಿಯ ನಟ್ಟನಡುವೆಯೇ ನೀರುಕೋಳಿಯೊಂದು ಗೂಡು ಕಟ್ಟಿದೆ. ಸುತ್ತ ಕೊಯ್ದರೆ ಅದು ಮೊಟ್ಟೆ ಬಿಟ್ಟು ಹೋಗುತ್ತದೆ. ಕೊಯ್ಯದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ. ಮುಚ್ಚಿದ್ದನ್ನು ಮತ್ತೆ ಬಿಡಿಸುವ ಶಕ್ತಿ ತನ್ನ ತೋಳಿನಲ್ಲಿ ಇಲ್ಲ ಎನ್ನುತ್ತಾರೆ. ಆದರೂ ಕುಡುಗೋಲನ್ನು ಅತ್ತ ಹಾಯಿಸಿಲ್ಲ. ಗಂಡನಿಗೆ ಮಾತ್ರ ದಾರಿ ಇದೆ ಎಂದೇ ಹೇಳುತ್ತ ಬಂದರು. ಮೊನ್ನೆ ತಡೆಯಲಾರದೆ ನಿಜ ಹೇಳಿಬಿಟ್ಟರಂತೆ. ಮರಿಸಿದ್ದಯ್ಯ ಗೋಡೆ ಕಡೆ ಮುಖ ತಿರುಗಿಸಿಕೊಂಡರಂತೆ. ಆಮೇಲೆ ಏನಂದರು ಎಂದು ನಾನು ಕೇಳಿದೆ.

ಚಿಕ್ಕಬೋರಮ್ಮ ಆಗ ನಕ್ಕರು.

"'ಬುಡು ಕಣಮ್ಮಿ' ಅಂದ್ರು. 'ಬಾಣಂತಿ ಕೂತಿರೋ ಅರಿಗೋಲು ಎದುರ್ಗೆ ಬಂದ್ರೆ, ನಾವು ಬೆಲ್ಲದ ಅರಿಗೋಲ ಜೊಂಡೊಳಕ್ಕೆ ನೂಕಿ ದಾರಿ ಬುಡ್ತಿರ್ಲಿಲ್ವಾ? ಗೂಡಲ್ಲಿ ಕೂತಿರೋ ಇವ್ಳೂ ಬಾಣಂತಿನೇಯ.'"